ಮೇದೋಜ್ಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳ ಮುನ್ಸೂಚನೆಯಲ್ಲಿ ರಕ್ತ ಪರೀಕ್ಷೆಗಳ ಪಾತ್ರ – ಸಾರ್ವಜನಿಕ ಮಾಹಿತಿ

1. ಪೀಠಿಕೆ

ಹೊಟ್ಟೆಯ ಭಾಗದಲ್ಲಿ ನಡೆಸಲಾಗುವ ಶಸ್ತ್ರಚಿಕಿತ್ಸೆಗಳ ಪೈಕಿ ಮೇದೋಜ್ಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯು ಅತ್ಯಂತ ಕ್ಲಿಷ್ಟವಾದವುಗಳಲ್ಲಿ ಒಂದಾಗಿರುತ್ತದೆ. 1970ರ ದಶಕದವರೆಗೆ ಈ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳಲ್ಲಿ ಸುಮಾರು ನಾಲ್ವರಿಗೆ ಒಬ್ಬರು ಆಸ್ಪತ್ರೆಯಲ್ಲಿಯೇ ಮೃತಪಡುತ್ತಿದ್ದರು. ಇಂದು ಅನುಭವವುಳ್ಳ ಕೇಂದ್ರಗಳಲ್ಲಿ ಸಾವಿನ ಪ್ರಮಾಣವು ಶೇ. 5ಕ್ಕಿಂತ ಕಡಿಮೆ ಇರುತ್ತದೆ. ಆದರೆ ತೊಡಕುಗಳ ಪ್ರಮಾಣವು ಅಷ್ಟೇ ವೇಗವಾಗಿ ಇಳಿದಿರುವುದಿಲ್ಲ. ಈಗಲೂ ಮೂವರಲ್ಲಿ ಒಬ್ಬರು ಅಥವಾ ಅದಕ್ಕಿಂತ ಹೆಚ್ಚು ರೋಗಿಗಳು ಒಂದಿಲ್ಲೊಂದು ತೊಡಕನ್ನು ಅನುಭವಿಸುತ್ತಾರೆ. ಸಾವಿನ ಪ್ರಮಾಣ ತಗ್ಗಿರುವುದಕ್ಕೆ ಒಂದು ಮುಖ್ಯ ಕಾರಣವೆಂದರೆ, ತೊಡಕುಗಳನ್ನು ಮೊದಲಿಗಿಂತ ಬೇಗನೆ ಗುರುತಿಸಿ ಚಿಕಿತ್ಸೆ ನೀಡಲಾಗುತ್ತಿರುವುದು.

ಹೀಗೆ ಬೇಗನೆ ಗುರುತಿಸುವ ಕಾರ್ಯದಲ್ಲಿ ಸಾಮಾನ್ಯ ರಕ್ತ ಪರೀಕ್ಷೆಗಳು ಪ್ರಮುಖ ಪಾತ್ರ ವಹಿಸುತ್ತವೆ. ಈ ಪರೀಕ್ಷೆಗಳು ಏನನ್ನು ತಿಳಿಸುತ್ತವೆ, ಏನನ್ನು ತಿಳಿಸುವುದಿಲ್ಲ ಮತ್ತು ರೋಗಿಯ ಕುಟುಂಬದವರು ಗಮನಿಸಬೇಕಾದ ಅಂಶಗಳು ಯಾವುವು ಎಂಬುದನ್ನು ಶಸ್ತ್ರಚಿಕಿತ್ಸೆಗಾಗಿ ಸರ್ಕಾರದ ಆರೋಗ್ಯ ಯೋಜನೆಗಳಡಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

2. ಮೇದೋಜ್ಜೀರಕ ಗ್ರಂಥಿ ಮತ್ತು ಶಸ್ತ್ರಚಿಕಿತ್ಸೆಯ ವಿಧಗಳು

ಮೇದೋಜ್ಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿರುವ, ಸುಮಾರು 15 ಸೆಂ.ಮೀ. ಉದ್ದದ ಅಂಗವಾಗಿದೆ. ಇದರ ಕಾರ್ಯಗಳು ಎರಡು. ಮೊದಲನೆಯದು, ಪಿಷ್ಟ, ಕೊಬ್ಬು ಮತ್ತು ಪ್ರೋಟೀನುಗಳನ್ನು ಜೀರ್ಣಗೊಳಿಸುವ ಅಮೈಲೇಸ್, ಲೈಪೇಸ್, ಟ್ರಿಪ್ಸಿನ್ ಮುಂತಾದ ಕಿಣ್ವಗಳಿರುವ ರಸವನ್ನು ಕರುಳಿಗೆ ಒದಗಿಸುವುದು. ಎರಡನೆಯದು, ಇನ್ಸುಲಿನ್ ಮುಂತಾದ ಹಾರ್ಮೋನುಗಳನ್ನು ರಕ್ತಕ್ಕೆ ಒದಗಿಸುವುದು.

ಗ್ರಂಥಿಯಲ್ಲಿ ಕ್ಯಾನ್ಸರ್, ನೀರುಗುಳ್ಳೆ ಅಥವಾ ದೀರ್ಘಕಾಲದ ಉರಿಯೂತವಿದ್ದಾಗ ಶಸ್ತ್ರಚಿಕಿತ್ಸೆಯ ಅಗತ್ಯ ಉಂಟಾಗಬಹುದು. ಮುಖ್ಯ ವಿಧಗಳು ಈ ಕೆಳಕಂಡಂತಿವೆ:

(ಅ) ವಿಪಲ್ ಶಸ್ತ್ರಚಿಕಿತ್ಸೆ: ಗ್ರಂಥಿಯ ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ಭಾಗ ಮತ್ತು ಕೆಲವೊಮ್ಮೆ ಜಠರದ ಕೆಳಭಾಗವನ್ನು ತೆಗೆಯಲಾಗುತ್ತದೆ. ಬಳಿಕ ಉಳಿದ ಗ್ರಂಥಿ, ಪಿತ್ತನಾಳ ಮತ್ತು ಜಠರ, ಈ ಮೂರನ್ನೂ ಕರುಳಿಗೆ ಹೊಸದಾಗಿ ಜೋಡಿಸಲಾಗುತ್ತದೆ. ಜರ್ಮನಿಯ ವಾಲ್ಟರ್ ಕೌಷ್ ಅವರು 1909ರಲ್ಲಿ ಈ ಬಗೆಯ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ನಡೆಸಿದರು. ಅಮೆರಿಕದ ಅಲೆನ್ ವಿಪಲ್ ಅವರು 1935ರಲ್ಲಿ ಪ್ರಕಟಿಸಿದ ವರದಿಯ ನಂತರ ಇದು ಅವರ ಹೆಸರಿನಿಂದ ಪ್ರಚಾರಕ್ಕೆ ಬಂದಿತು.

(ಆ) ಬಾಲಭಾಗದ ಶಸ್ತ್ರಚಿಕಿತ್ಸೆ: ಗ್ರಂಥಿಯ ಎಡಭಾಗವನ್ನು ತೆಗೆಯಲಾಗುತ್ತದೆ. ಅನೇಕ ಸಂದರ್ಭಗಳಲ್ಲಿ ಗುಲ್ಮವನ್ನೂ ಜೊತೆಯಲ್ಲಿ ತೆಗೆಯಬೇಕಾಗುತ್ತದೆ.

(ಇ) ಪೂರ್ಣ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆ: ಇದನ್ನು ಆಯ್ದ ಸಂದರ್ಭಗಳಲ್ಲಿ ಮಾತ್ರ ಕೈಗೊಳ್ಳಲಾಗುತ್ತದೆ. ಇದರ ನಂತರ ರೋಗಿಯು ಜೀವನಪರ್ಯಂತ ಇನ್ಸುಲಿನ್ ಮತ್ತು ಕಿಣ್ವದ ಔಷಧಿಗಳನ್ನು ತೆಗೆದುಕೊಳ್ಳಬೇಕಾಗುತ್ತದೆ.

3. ಸಂಭವಿಸಬಹುದಾದ ಮುಖ್ಯ ತೊಡಕುಗಳು

(ಅ) ರಸ ಸೋರಿಕೆ: ಉಳಿದ ಗ್ರಂಥಿಯ ಜೋಡಣೆಯಿಂದ ಅಥವಾ ಕತ್ತರಿಸಿದ ಅಂಚಿನಿಂದ ಜೀರ್ಣರಸವು ಹೊಟ್ಟೆಯೊಳಗೆ ಸೋರುವುದೇ ಉಳಿದ ಅನೇಕ ತೊಡಕುಗಳಿಗೆ ಮೂಲವಾಗಿರುತ್ತದೆ. ವೈದ್ಯರು ಇದನ್ನು ಫಿಸ್ಟುಲಾ ಎಂದು ಕರೆಯುತ್ತಾರೆ. ಆಹಾರವನ್ನು ಜೀರ್ಣಿಸಬೇಕಾದ ರಸವು ಸುತ್ತಲಿನ ಅಂಗಾಂಶವನ್ನೇ ಹಾನಿಗೊಳಿಸುತ್ತದೆ.

(ಆ) ಕೀವು ಮತ್ತು ಸೋಂಕು: ಸೋರಿದ ರಸವು ಹೊರಹೋಗದೆ ನಿಂತಲ್ಲಿ ಸೋಂಕು ತಗುಲಿ ಕೀವು ತುಂಬಬಹುದು. ಸೋಂಕು ರಕ್ತಕ್ಕೆ ಹರಡಿದಲ್ಲಿ ಮೂತ್ರಪಿಂಡ, ಶ್ವಾಸಕೋಶ ಮುಂತಾದ ಅಂಗಗಳು ವಿಫಲಗೊಳ್ಳುವ ಅಪಾಯವಿರುತ್ತದೆ.

(ಇ) ರಕ್ತಸ್ರಾವ: ಸೋರಿದ ರಸವು ಸಮೀಪದ ರಕ್ತನಾಳದ ಗೋಡೆಯನ್ನು ಕೊರೆದಲ್ಲಿ ಶಸ್ತ್ರಚಿಕಿತ್ಸೆಯಾಗಿ ಒಂದೆರಡು ವಾರಗಳ ನಂತರವೂ ಹಠಾತ್ ರಕ್ತಸ್ರಾವ ಉಂಟಾಗಬಹುದು. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಕೆಲವರಲ್ಲಿ ಡ್ರೈನ್ ನಳಿಕೆಯಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಂಡು ನಿಲ್ಲುತ್ತದೆ. ಈ ಮುನ್ಸೂಚನೆಯನ್ನು ಯಾವುದೇ ಕಾರಣಕ್ಕೂ ನಿರ್ಲಕ್ಷಿಸತಕ್ಕದ್ದಲ್ಲ.

(ಈ) ಜಠರ ಖಾಲಿಯಾಗುವಲ್ಲಿ ವಿಳಂಬ: ವಾಂತಿ, ಹೊಟ್ಟೆಯುಬ್ಬರ ಕಾಣಿಸಿಕೊಳ್ಳುತ್ತವೆ. ಇದು ಬಹುಪಾಲು ಕಾಲಕ್ರಮೇಣ ಸರಿಹೋಗುತ್ತದೆ.

(ಉ) ಉಳಿದ ಗ್ರಂಥಿಯ ತೀವ್ರ ಉರಿಯೂತ: ಶಸ್ತ್ರಚಿಕಿತ್ಸೆಯ ನಂತರದ ಮೊದಲ ಮೂರು ದಿನಗಳಲ್ಲಿ ಆರಂಭವಾಗುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ತಜ್ಞರ ಅಧ್ಯಯನ ತಂಡವು 2022ರಲ್ಲಿ ಪ್ರತ್ಯೇಕ ವ್ಯಾಖ್ಯೆಯನ್ನು ಪ್ರಕಟಿಸಿದೆ.

ಯಾರಲ್ಲಿ ಸೋರಿಕೆಯ ಅಪಾಯ ಹೆಚ್ಚು ಎಂಬುದು ಗ್ರಂಥಿಯ ಸ್ವರೂಪವನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಮೃದುವಾದ ಗ್ರಂಥಿ ಮತ್ತು ಕಿರಿದಾದ ನಾಳವಿರುವವರಲ್ಲಿ ಹೊಲಿಗೆ ನಿಲ್ಲುವುದು ಕಷ್ಟವಾದುದರಿಂದ ಅಪಾಯ ಹೆಚ್ಚು. ದೀರ್ಘಕಾಲದ ಉರಿಯೂತದಿಂದ ಗಟ್ಟಿಯಾದ ಗ್ರಂಥಿಯಲ್ಲಿ ಹೊಲಿಗೆ ಚೆನ್ನಾಗಿ ಹಿಡಿಯುತ್ತದೆ. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಕಂಡುಬರುವ ಕಲ್ಲುಸಹಿತವಾದ ದೀರ್ಘಕಾಲದ ಉರಿಯೂತದಲ್ಲಿ ಗ್ರಂಥಿ ಗಟ್ಟಿಯಾಗಿ ನಾಳವು ಹಿಗ್ಗಿರುವುದು ಸಾಮಾನ್ಯ. ಗ್ರಂಥಿಯ ಮೃದುತ್ವ, ನಾಳದ ಅಳತೆ, ಕಾಯಿಲೆಯ ಬಗೆ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ನಷ್ಟವಾದ ರಕ್ತದ ಪ್ರಮಾಣವನ್ನು ಆಧರಿಸಿ 0ಯಿಂದ 10ರವರೆಗೆ ಅಂಕ ನೀಡುವ ಪದ್ಧತಿಯೊಂದು 2013ರಿಂದ ಬಳಕೆಯಲ್ಲಿದೆ. ಈ ಅಂಕವು ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ದೊರೆಯುತ್ತದೆ. ನಂತರದ ದಿನಗಳಲ್ಲಿ ರಕ್ತ ಪರೀಕ್ಷೆಗಳು ಮುಂದಿನ ಮಾಹಿತಿಯನ್ನು ಒದಗಿಸುತ್ತವೆ.

4. ಶಸ್ತ್ರಚಿಕಿತ್ಸೆಗೆ ಮುಂಚಿನ ರಕ್ತ ಪರೀಕ್ಷೆಗಳು

(ಅ) ಆಲ್ಬುಮಿನ್: ಯಕೃತ್ತು ತಯಾರಿಸುವ ಈ ಪ್ರೋಟೀನಿನ ಸಾಮಾನ್ಯ ಪ್ರಮಾಣವು ಪ್ರತಿ ಡೆಸಿಲೀಟರಿಗೆ 3.5ರಿಂದ 5 ಗ್ರಾಂ. ಇದು ಕಡಿಮೆಯಿರುವ ರೋಗಿಗಳಲ್ಲಿ ಗಾಯ ಮಾಯುವುದು ನಿಧಾನವಾಗಿ, ಸೋಂಕಿನ ಅಪಾಯ ಹೆಚ್ಚುತ್ತದೆ. ಅಪೌಷ್ಟಿಕತೆಯ ಜೊತೆಗೆ ಉರಿಯೂತವಿದ್ದಾಗಲೂ ಆಲ್ಬುಮಿನ್ ಇಳಿಯುತ್ತದೆ. ಆದ್ದರಿಂದ ತೂಕದ ಇಳಿಕೆಯನ್ನೂ ವೈದ್ಯರು ಪರಿಗಣಿಸುತ್ತಾರೆ.

(ಆ) ಬಿಲಿರುಬಿನ್: ಗ್ರಂಥಿಯ ತಲೆಭಾಗದ ಗಡ್ಡೆಯು ಪಿತ್ತನಾಳವನ್ನು ಒತ್ತಿದಾಗ ಕಾಮಾಲೆ ಉಂಟಾಗುತ್ತದೆ. ಕಾಮಾಲೆಯಿದ್ದ ಎಲ್ಲರಿಗೂ ಮೊದಲು ನಾಳದಲ್ಲಿ ಸ್ಟೆಂಟ್ ಅಳವಡಿಸಬೇಕೆಂಬ ಅಭಿಪ್ರಾಯ ಹಿಂದೆ ಇತ್ತು. ನೆದರ್ಲೆಂಡ್ಸ್ ದೇಶದಲ್ಲಿ 202 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೇರವಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ. 39ರಷ್ಟು ಮಂದಿಗೂ, ಮೊದಲು ಪಿತ್ತರಸವನ್ನು ಹರಿಯಬಿಟ್ಟು ನಂತರ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ. 74ರಷ್ಟು ಮಂದಿಗೂ ಗಂಭೀರ ತೊಡಕುಗಳಾದವು. ಸದರಿ ಅಧ್ಯಯನವು ಬಿಲಿರುಬಿನ್ ಪ್ರಮಾಣ ಪ್ರತಿ ಡೆಸಿಲೀಟರಿಗೆ ಸುಮಾರು 14.6 ಮಿ.ಗ್ರಾಂ. ವರೆಗೆ ಇದ್ದವರಿಗೆ ಸೀಮಿತವಾಗಿತ್ತು. ಇದಕ್ಕಿಂತ ಹೆಚ್ಚಿನ ಕಾಮಾಲೆ, ಪಿತ್ತನಾಳದ ಸೋಂಕು ಅಥವಾ ಮೊದಲು ಕೀಮೋಥೆರಪಿ ನೀಡಬೇಕಾದ ಸಂದರ್ಭಗಳಲ್ಲಿ ಸ್ಟೆಂಟ್ ಅಗತ್ಯವಾಗಬಹುದು.

(ಇ) ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ: ಕಾಮಾಲೆಯಿಂದ ಕೆ ಜೀವಸತ್ವದ ಕೊರತೆಯಾಗಿ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದು. ಇದನ್ನು ಚುಚ್ಚುಮದ್ದಿನಿಂದ ಮುಂಚಿತವಾಗಿ ಸರಿಪಡಿಸಬಹುದು.

(ಈ) ಹಿಮೋಗ್ಲೋಬಿನ್, ಕ್ರಿಯಾಟಿನಿನ್ ಮತ್ತು ಸಕ್ಕರೆ ಅಂಶ: ಶಸ್ತ್ರಚಿಕಿತ್ಸೆಯ ನಂತರದ ಫಲಿತಾಂಶಗಳನ್ನು ಹೋಲಿಸಲು ಇವುಗಳ ಮೊದಲಿನ ಪ್ರಮಾಣವನ್ನು ದಾಖಲಿಸಿಕೊಳ್ಳುವುದು ಅವಶ್ಯಕ.

5. ಶಸ್ತ್ರಚಿಕಿತ್ಸೆಯ ನಂತರದ ಪರೀಕ್ಷೆಗಳು

5.1 ಅಮೈಲೇಸ್ (ರಕ್ತ ಮತ್ತು ಡ್ರೈನ್ ದ್ರವ)

ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಹೊಟ್ಟೆಯೊಳಗಿನ ದ್ರವವನ್ನು ಹೊರತರಲು ಸಾಮಾನ್ಯವಾಗಿ ಒಂದು ಅಥವಾ ಎರಡು ಡ್ರೈನ್ ನಳಿಕೆಗಳನ್ನು ಇರಿಸಲಾಗುತ್ತದೆ. ಈ ದ್ರವದಲ್ಲಿರುವ ಅಮೈಲೇಸ್ ಕಿಣ್ವದ ಪ್ರಮಾಣವು ಸೋರಿಕೆಯ ನೇರ ಸಾಕ್ಷ್ಯವಾಗಿರುತ್ತದೆ. 2005ಕ್ಕೆ ಮುಂಚೆ ಸೋರಿಕೆಯನ್ನು ಒಂದೊಂದು ಆಸ್ಪತ್ರೆಯೂ ಒಂದೊಂದು ರೀತಿಯಲ್ಲಿ ವ್ಯಾಖ್ಯಾನಿಸುತ್ತಿತ್ತು. ಆ ವರ್ಷ ಅಂತರರಾಷ್ಟ್ರೀಯ ಅಧ್ಯಯನ ತಂಡವು ಸಮಾನ ವ್ಯಾಖ್ಯೆಯನ್ನು ನಿಗದಿಪಡಿಸಿತು. ಅದರಂತೆ, ಶಸ್ತ್ರಚಿಕಿತ್ಸೆಯ ಮೂರನೆಯ ದಿನ ಅಥವಾ ನಂತರ ಡ್ರೈನ್ ದ್ರವದ ಅಮೈಲೇಸ್ ಪ್ರಮಾಣವು ರಕ್ತದ ಅಮೈಲೇಸಿನ ಸಾಮಾನ್ಯ ಗರಿಷ್ಠ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿರತಕ್ಕದ್ದು. ಪ್ರಯೋಗಾಲಯದ ಗರಿಷ್ಠ ಮಿತಿ 100 ಯೂನಿಟ್ ಎಂದಿದ್ದಲ್ಲಿ, 300 ಯೂನಿಟ್ ಮೀರಿದ ದ್ರವವು ಈ ವ್ಯಾಖ್ಯೆಗೆ ಒಳಪಡುತ್ತದೆ.

2016ರ ಪರಿಷ್ಕರಣೆಯಲ್ಲಿ, ಅಮೈಲೇಸ್ ಹೆಚ್ಚಿದ್ದರೂ ಚಿಕಿತ್ಸೆಯಲ್ಲಿ ಯಾವ ಬದಲಾವಣೆಯೂ ಬೇಕಾಗದ ಸ್ಥಿತಿಯನ್ನು ಫಿಸ್ಟುಲಾ ಎಂದು ಪರಿಗಣಿಸದೆ ‘ಜೀವರಾಸಾಯನಿಕ ಸೋರಿಕೆ’ ಎಂದು ಪ್ರತ್ಯೇಕಿಸಲಾಯಿತು. ಮೂರು ವಾರಕ್ಕಿಂತ ಹೆಚ್ಚು ಕಾಲ ಡ್ರೈನ್ ಇರಿಸಬೇಕಾದ ಅಥವಾ ಸೂಜಿಯ ಮೂಲಕ ಹೊಸ ನಳಿಕೆ ಹಾಕಬೇಕಾದ ಸ್ಥಿತಿಯು ‘ಬಿ’ ಶ್ರೇಣಿ. ಮರು ಶಸ್ತ್ರಚಿಕಿತ್ಸೆ, ಅಂಗ ವೈಫಲ್ಯ ಅಥವಾ ಸಾವಿಗೆ ಕಾರಣವಾಗುವ ಸ್ಥಿತಿಯು ‘ಸಿ’ ಶ್ರೇಣಿ.

ಇಟಲಿಯ ವೆರೋನಾ ನಗರದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲನೆಯ ದಿನದ ಡ್ರೈನ್ ಅಮೈಲೇಸ್ 5,000 ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಫಿಸ್ಟುಲಾ ಅಪಾಯ ಗಣನೀಯವಾಗಿ ಹೆಚ್ಚಿರುವುದು ಕಂಡುಬಂದಿತು. ಅದೇ ಕೇಂದ್ರದ 2010ರ ಅಧ್ಯಯನದಲ್ಲಿ, ಈ ಮಿತಿಯನ್ನು ಮೀರದ 114 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಮೂರನೆಯ ದಿನವೇ ಡ್ರೈನ್ ತೆಗೆದವರಿಗೆ, ಐದನೆಯ ದಿನ ಅಥವಾ ನಂತರ ತೆಗೆದವರಿಗಿಂತ ಕಡಿಮೆ ತೊಡಕುಗಳಾದವು. ಅಂದರೆ, ಅಪಾಯ ಕಡಿಮೆಯಿರುವವರಲ್ಲಿ ನಳಿಕೆಯನ್ನು ಅನಗತ್ಯವಾಗಿ ಮುಂದುವರಿಸುವುದೂ ಹಿತಕರವಲ್ಲ. ಪರೀಕ್ಷೆಯು ಯಾರಿಗೆ ಹೆಚ್ಚಿನ ನಿಗಾ ಬೇಕು ಎಂಬುದರ ಜೊತೆಗೆ ಯಾರಿಗೆ ಬೇಡ ಎಂಬುದನ್ನೂ ತಿಳಿಸುತ್ತದೆ.

ರಕ್ತದಲ್ಲಿನ ಅಮೈಲೇಸ್ ಸಾಮಾನ್ಯ ಮಿತಿಗಿಂತ ಹೆಚ್ಚಾಗಿ, ಮೊದಲ 48 ಗಂಟೆಗಳ ಕಾಲವಾದರೂ ಹಾಗೆಯೇ ಉಳಿದಲ್ಲಿ ಉಳಿದ ಗ್ರಂಥಿಯಲ್ಲಿ ಉರಿಯೂತವಿರುವ ಸಂಶಯ ಮೂಡುತ್ತದೆ. 2022ರ ವ್ಯಾಖ್ಯೆಯ ಪ್ರಕಾರ ಇದೊಂದೇ ಸಾಲದು. ರೋಗಿಯ ಸ್ಥಿತಿಯಲ್ಲಿ ಏರುಪೇರು ಮತ್ತು ಸ್ಕ್ಯಾನಿನಲ್ಲಿ ಪೂರಕ ಲಕ್ಷಣಗಳು ಸಹ ಇರತಕ್ಕದ್ದು.

5.2 ಸಿ-ರಿಯಾಕ್ಟಿವ್ ಪ್ರೋಟೀನ್ (ಸಿ.ಆರ್.ಪಿ.)

ದೇಹದ ಯಾವುದೇ ಭಾಗದಲ್ಲಿ ಗಾಯ ಅಥವಾ ಉರಿಯೂತವಾದಾಗ ಯಕೃತ್ತು ಈ ಪ್ರೋಟೀನನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಇದನ್ನು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಹಚ್ಚಲಾಯಿತು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಪ್ರತಿ ಲೀಟರಿಗೆ 5ರಿಂದ 10 ಮಿ.ಗ್ರಾಂ.ಗಿಂತ ಕಡಿಮೆ ಇರುತ್ತದೆ.

ಶಸ್ತ್ರಚಿಕಿತ್ಸೆಯೂ ದೇಹಕ್ಕೆ ಒಂದು ಗಾಯವೇ ಆಗಿರುವುದರಿಂದ, ಯಾವ ತೊಡಕೂ ಇಲ್ಲದವರಲ್ಲಿಯೂ ಸಿ.ಆರ್.ಪಿ. ಏರಿ, ಎರಡನೆಯ ಅಥವಾ ಮೂರನೆಯ ದಿನ ಗರಿಷ್ಠ ಮಟ್ಟವನ್ನು ತಲುಪುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 19 ಗಂಟೆ ಬೇಕಾಗುತ್ತದೆ. ಆದ್ದರಿಂದ ಉರಿಯೂತ ಶಮನವಾಗುತ್ತಿದ್ದಲ್ಲಿ ನಾಲ್ಕನೆಯ ದಿನದ ವೇಳೆಗೆ ಇಳಿಕೆ ಸ್ಪಷ್ಟವಾಗಿ ಕಾಣಬೇಕು. ಇಳಿಯದಿದ್ದಲ್ಲಿ ಅಥವಾ ಇಳಿದು ಮತ್ತೆ ಏರಿದಲ್ಲಿ, ಒಳಗೆ ಹೊಸ ಉರಿಯೂತ ಉಂಟಾಗುತ್ತಿದೆ ಎಂದು ಭಾವಿಸಿ ಕಾರಣವನ್ನು ಹುಡುಕಬೇಕಾಗುತ್ತದೆ.

5.3 ಪ್ರೊಕ್ಯಾಲ್ಸಿಟೊನಿನ್

ಇದು ಬ್ಯಾಕ್ಟೀರಿಯಾ ಸೋಂಕಿನಲ್ಲಿ ವಿಶೇಷವಾಗಿ ಏರುತ್ತದೆ. ಸೋಂಕು ಆರಂಭವಾದ ಕೆಲವೇ ಗಂಟೆಗಳಲ್ಲಿ ಏರಿಕೆ ಕಂಡುಬರುವುದು ಇದರ ಅನುಕೂಲ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಮೊದಲ ಒಂದೆರಡು ದಿನ ಸೋಂಕಿಲ್ಲದೆಯೂ ಸ್ವಲ್ಪ ಏರಬಹುದು. ಸಿ.ಆರ್.ಪಿ.ಗಿಂತ ದುಬಾರಿಯಾದುದರಿಂದ ಎಲ್ಲ ಆಸ್ಪತ್ರೆಗಳಲ್ಲಿ ಪ್ರತಿದಿನವೂ ಮಾಡುವುದಿಲ್ಲ.

5.4 ಬಿಳಿ ರಕ್ತಕಣಗಳ ಎಣಿಕೆ

ಸಾಮಾನ್ಯ ಎಣಿಕೆಯು ಪ್ರತಿ ಮೈಕ್ರೋಲೀಟರಿಗೆ 4,000ದಿಂದ 11,000. ಸೋಂಕಿನಲ್ಲಿ ಇದು ಏರುತ್ತದೆ. ತೀವ್ರ ಸೋಂಕಿನಲ್ಲಿ ಕೆಲವೊಮ್ಮೆ ಸಾಮಾನ್ಯಕ್ಕಿಂತ ಕೆಳಗೆ ಇಳಿಯುವುದೂ ಉಂಟು. ಗುಲ್ಮವನ್ನು ತೆಗೆದವರಲ್ಲಿ ಸೋಂಕಿಲ್ಲದಿದ್ದರೂ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎಣಿಕೆಗಳು ಹೆಚ್ಚಾಗಿಯೇ ಇರುತ್ತವೆ ಎಂಬುದನ್ನು ಗಮನಿಸತಕ್ಕದ್ದು.

5.5 ಹಿಮೋಗ್ಲೋಬಿನ್

ದಿನದಿಂದ ದಿನಕ್ಕೆ ಕಾರಣವಿಲ್ಲದೆ ಇಳಿಯುವ ಹಿಮೋಗ್ಲೋಬಿನ್ ಒಳಗಿನ ರಕ್ತಸ್ರಾವದ ಸೂಚನೆಯಾಗಿರಬಹುದು. ಆದರೆ ಹಠಾತ್ ರಕ್ತಸ್ರಾವವಾದ ಮೊದಲ ಗಂಟೆಗಳಲ್ಲಿ ಉಳಿದ ರಕ್ತವು ಇನ್ನೂ ತೆಳುವಾಗಿರದ ಕಾರಣ ಫಲಿತಾಂಶ ಸಾಮಾನ್ಯವಾಗಿಯೇ ಬರಬಹುದು. ಆ ಹಂತದಲ್ಲಿ ನಾಡಿಬಡಿತದ ಏರಿಕೆ, ರಕ್ತದೊತ್ತಡದ ಇಳಿಕೆ ಮತ್ತು ಡ್ರೈನಿನಲ್ಲಿ ಕಾಣುವ ರಕ್ತವೇ ಪ್ರಮುಖ ಸೂಚನೆಗಳು.

5.6 ಕ್ರಿಯಾಟಿನಿನ್, ಲ್ಯಾಕ್ಟೇಟ್ ಮತ್ತು ಸಕ್ಕರೆ ಅಂಶ

ಕ್ರಿಯಾಟಿನಿನ್ ಏರಿಕೆಯು ಮೂತ್ರಪಿಂಡಗಳ ಮೇಲಿನ ಒತ್ತಡವನ್ನೂ, ಲ್ಯಾಕ್ಟೇಟ್ ಏರಿಕೆಯು ಅಂಗಾಂಶಗಳಿಗೆ ರಕ್ತಪೂರೈಕೆ ಸಾಲದಿರುವುದನ್ನೂ ಸೂಚಿಸಬಹುದು. ಗ್ರಂಥಿಯ ಭಾಗವನ್ನು ತೆಗೆದ ಮೇಲೆ ಮಧುಮೇಹ ಹೊಸದಾಗಿ ಕಾಣಿಸಿಕೊಳ್ಳಬಹುದು. ಸಕ್ಕರೆ ಅಂಶದ ಅನಿರೀಕ್ಷಿತ ಏರಿಕೆಯು ಕೆಲವೊಮ್ಮೆ ಸೋಂಕಿನ ಸೂಚನೆಯೂ ಆಗಿರುತ್ತದೆ.

6. ವರದಿಗಳನ್ನು ಗಮನಿಸುವ ಕ್ರಮ

(ಅ) ಒಂದು ದಿನದ ಫಲಿತಾಂಶಕ್ಕಿಂತ ಏರಿಳಿತದ ಕ್ರಮವು ಮುಖ್ಯ. ವಿವರಣೆಗಾಗಿ ಮಾತ್ರ ನೀಡಲಾದ ಈ ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು (ಸಿ.ಆರ್.ಪಿ., ಪ್ರತಿ ಲೀಟರಿಗೆ ಮಿ.ಗ್ರಾಂ.ಗಳಲ್ಲಿ):

ಮೊದಲನೆಯ ರೋಗಿ – 1ನೇ ದಿನ: 95, 2ನೇ ದಿನ: 190, 3ನೇ ದಿನ: 170, 4ನೇ ದಿನ: 110, 5ನೇ ದಿನ: 65.
ಎರಡನೆಯ ರೋಗಿ – 1ನೇ ದಿನ: 85, 2ನೇ ದಿನ: 160, 3ನೇ ದಿನ: 175, 4ನೇ ದಿನ: 190, 5ನೇ ದಿನ: 230.

ಎರಡನೆಯ ದಿನದ ವರದಿಯನ್ನಷ್ಟೇ ನೋಡಿದಲ್ಲಿ ಮೊದಲನೆಯ ರೋಗಿಯೇ ಹೆಚ್ಚು ಅಪಾಯದಲ್ಲಿರುವಂತೆ ತೋರುತ್ತದೆ. ಐದು ದಿನಗಳ ವರದಿಗಳನ್ನು ಒಟ್ಟಿಗೆ ಇರಿಸಿದಾಗ ಎರಡನೆಯ ರೋಗಿಗೆ ತುರ್ತು ತಪಾಸಣೆ ಅಗತ್ಯವೆಂಬುದು ತಿಳಿಯುತ್ತದೆ.

(ಆ) ಮಾಪನದ ಘಟಕವನ್ನು ತಪ್ಪದೆ ಗಮನಿಸತಕ್ಕದ್ದು. ಕೆಲವು ಪ್ರಯೋಗಾಲಯಗಳು ಸಿ.ಆರ್.ಪಿ.ಯನ್ನು ಪ್ರತಿ ಲೀಟರಿಗೆ, ಇನ್ನು ಕೆಲವು ಪ್ರತಿ ಡೆಸಿಲೀಟರಿಗೆ ಮಿ.ಗ್ರಾಂ.ಗಳಲ್ಲಿ ನೀಡುತ್ತವೆ. ಪ್ರತಿ ಡೆಸಿಲೀಟರಿಗೆ 15 ಮಿ.ಗ್ರಾಂ. ಎಂದರೆ ಪ್ರತಿ ಲೀಟರಿಗೆ 150 ಮಿ.ಗ್ರಾಂ. ಎಂದರ್ಥ. ಆಸ್ಪತ್ರೆ ಬದಲಾಯಿಸಿದ ಸಂದರ್ಭದಲ್ಲಿ, ‘150ರಿಂದ 15ಕ್ಕೆ ಇಳಿದಿದೆ’ ಎಂದು ತಪ್ಪಾಗಿ ಗ್ರಹಿಸುವ ಸಂಭವವಿರುತ್ತದೆ.

(ಇ) ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದ ವರದಿಗಳನ್ನು ಹೋಲಿಸುವುದು ಸೂಕ್ತ. ಸಾಮಾನ್ಯ ಮಿತಿಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ವ್ಯತ್ಯಾಸವಾಗುತ್ತವೆ.

(ಈ) ವರದಿಗಳನ್ನು ದಿನಾಂಕವಾರು ಜೋಡಿಸಿಟ್ಟುಕೊಳ್ಳುವುದು. ತುರ್ತು ಸಂದರ್ಭದಲ್ಲಿ ಬೇರೆ ವೈದ್ಯರು ನೋಡಬೇಕಾಗಿ ಬಂದಾಗ ಇದರಿಂದ ಅಮೂಲ್ಯ ಸಮಯ ಉಳಿಯುತ್ತದೆ.

7. ನೆದರ್ಲೆಂಡ್ಸ್ ದೇಶದ ಅನುಭವ

ಪರೀಕ್ಷೆ ಮಾಡಿಸುವುದು ಮತ್ತು ಅದರ ಫಲಿತಾಂಶದ ಮೇಲೆ ಕ್ರಮ ಕೈಗೊಳ್ಳುವುದು ಎರಡು ಬೇರೆ ಬೇರೆ ವಿಷಯಗಳು. ಇದನ್ನು ನೆದರ್ಲೆಂಡ್ಸ್ ದೇಶದಲ್ಲಿ ನಡೆದು 2022ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಸ್ಪಷ್ಟಪಡಿಸುತ್ತದೆ. ಆ ದೇಶದಲ್ಲಿ ಮೇದೋಜ್ಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ನಡೆಸುವ ಎಲ್ಲಾ 17 ಕೇಂದ್ರಗಳು ಇದರಲ್ಲಿ ಭಾಗವಹಿಸಿದ್ದು, 2018 ಮತ್ತು 2019ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 1,748 ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಲಾಯಿತು.

ಅಧ್ಯಯನದ ಮೊದಲ ಹಂತದಲ್ಲಿ ಪ್ರತಿ ಕೇಂದ್ರವೂ ತನ್ನ ರೂಢಿಯ ಕ್ರಮವನ್ನೇ ಅನುಸರಿಸಿತು. ನಂತರ ಕೇಂದ್ರಗಳು ಒಂದಾದ ಮೇಲೊಂದರಂತೆ ಏಕರೂಪದ ಕಾರ್ಯಸೂಚಿಯೊಂದನ್ನು ಅಳವಡಿಸಿಕೊಂಡವು. ಇದರನ್ವಯ ರೋಗಿಯ ದೈಹಿಕ ಸ್ಥಿತಿ ಮತ್ತು ಪರೀಕ್ಷೆಗಳ ಫಲಿತಾಂಶಗಳನ್ನು ಪ್ರತಿದಿನ ದಾಖಲಿಸಿ, ಯಾವಾಗ ಸಿ.ಟಿ. ಸ್ಕ್ಯಾನ್ ಮಾಡಬೇಕು, ಯಾವಾಗ ಪ್ರತಿಜೀವಕ ಔಷಧಿ ಆರಂಭಿಸಬೇಕು, ಯಾವಾಗ ಹೊಸ ನಳಿಕೆ ಹಾಕಬೇಕು ಮತ್ತು ಯಾವಾಗ ಡ್ರೈನ್ ತೆಗೆಯಬೇಕು ಎಂಬ ಸಲಹೆಯನ್ನು ವೈದ್ಯರಿಗೆ ನೀಡಲಾಗುತ್ತಿತ್ತು.

ಚಿಕಿತ್ಸಾ ಕ್ರಮ ಅಗತ್ಯವಾದ ರಕ್ತಸ್ರಾವ, ಅಂಗ ವೈಫಲ್ಯ ಅಥವಾ 90 ದಿನಗಳೊಳಗಿನ ಸಾವು, ಇವುಗಳಲ್ಲಿ ಯಾವುದಾದರೂ ಒಂದು ಸಂಭವಿಸಿದವರ ಪ್ರಮಾಣವು ರೂಢಿಯ ಕ್ರಮದಲ್ಲಿ ಶೇ. 14 ಇದ್ದುದು ಕಾರ್ಯಸೂಚಿಯ ಅವಧಿಯಲ್ಲಿ ಶೇ. 8ಕ್ಕೆ ಇಳಿಯಿತು. 90 ದಿನಗಳೊಳಗಿನ ಸಾವಿನ ಪ್ರಮಾಣವು ಶೇ. 5ರಿಂದ ಶೇ. 3ಕ್ಕೆ ಇಳಿಯಿತು. ಇಲ್ಲಿ ಹೊಸ ಔಷಧಿಯಾಗಲಿ, ಹೊಸ ಯಂತ್ರವಾಗಲಿ ಇರಲಿಲ್ಲ. ಲಭ್ಯವಿದ್ದ ಪರೀಕ್ಷೆಗಳನ್ನೇ ಪ್ರತಿದಿನ ಕ್ರಮಬದ್ಧವಾಗಿ ನೋಡಿ, ಸಂಶಯ ಬಂದ ಕೂಡಲೇ ಮುಂದಿನ ಕ್ರಮ ಕೈಗೊಂಡದ್ದೇ ವ್ಯತ್ಯಾಸವಾಗಿತ್ತು.

8. ರಕ್ತ ಪರೀಕ್ಷೆಗಳ ಮಿತಿಗಳು

(ಅ) ಹೆಚ್ಚಿದ ಸಿ.ಆರ್.ಪಿ.ಯು ಎಲ್ಲಿ ತೊಂದರೆಯಿದೆ ಎಂಬುದನ್ನು ತಿಳಿಸುವುದಿಲ್ಲ. ಶ್ವಾಸಕೋಶದ ಸೋಂಕು, ಮೂತ್ರದ ಸೋಂಕು ಅಥವಾ ಗಾಯದ ಸೋಂಕಿನಿಂದಲೂ ಅದು ಏರಬಹುದು. ಸ್ಥಳವನ್ನು ಗುರುತಿಸಲು ದೈಹಿಕ ತಪಾಸಣೆ ಮತ್ತು ಸ್ಕ್ಯಾನ್ ಅವಶ್ಯಕ.

(ಆ) ಎಲ್ಲರಿಗೂ ಅನ್ವಯಿಸುವ ಒಂದೇ ಗಡಿರೇಖೆ ಇರುವುದಿಲ್ಲ. ವಿವಿಧ ಅಧ್ಯಯನಗಳು ವಿವಿಧ ದಿನ ಮತ್ತು ವಿವಿಧ ಮಿತಿಗಳನ್ನು ಬಳಸಿವೆ.

(ಇ) ಈ ಪರೀಕ್ಷೆಗಳು ಅಪಾಯವಿದೆ ಎಂದು ಖಚಿತಪಡಿಸುವುದಕ್ಕಿಂತ, ಅಪಾಯವಿರುವ ಸಂಭವ ಕಡಿಮೆ ಎಂಬ ಭರವಸೆ ನೀಡುವುದರಲ್ಲಿ ಹೆಚ್ಚು ಉಪಯುಕ್ತ. ಸತತವಾಗಿ ಇಳಿಯುತ್ತಿರುವ ಸಿ.ಆರ್.ಪಿ. ಮತ್ತು ಕಡಿಮೆ ಡ್ರೈನ್ ಅಮೈಲೇಸ್ ಇರುವ ರೋಗಿಯನ್ನು ಹೆಚ್ಚಿನ ವಿಶ್ವಾಸದಿಂದ ಮನೆಗೆ ಕಳುಹಿಸಬಹುದು.

(ಈ) ತೀವ್ರ ಯಕೃತ್ತಿನ ಕಾಯಿಲೆಯಿರುವವರಲ್ಲಿ ಸಿ.ಆರ್.ಪಿ. ನಿರೀಕ್ಷಿತ ಮಟ್ಟಕ್ಕೆ ಏರದಿರಬಹುದು. ಸ್ಟೀರಾಯ್ಡ್ ಔಷಧಿಗಳು ಸಿ.ಆರ್.ಪಿ.ಯನ್ನು ತಗ್ಗಿಸಿ, ಬಿಳಿ ರಕ್ತಕಣಗಳ ಎಣಿಕೆಯನ್ನು ಹೆಚ್ಚಿಸಬಹುದು. ಆದ್ದರಿಂದ ಸೇವಿಸುತ್ತಿರುವ ಎಲ್ಲಾ ಔಷಧಿಗಳ ವಿವರವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

(ಉ) ವರದಿ ಸಾಮಾನ್ಯವಾಗಿದ್ದರೂ ರೋಗಿಯ ಸ್ಥಿತಿ ಹದಗೆಡುತ್ತಿದ್ದಲ್ಲಿ, ರೋಗಿಯ ಸ್ಥಿತಿಗೇ ಪ್ರಾಧಾನ್ಯ ನೀಡಬೇಕು.

9. ಯೋಜನೆಯ ಫಲಾನುಭವಿಗಳ ಗಮನಕ್ಕೆ

(ಅ) 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನುಷ್ಠಾನಗೊಳಿಸುತ್ತದೆ. ಯೋಜನೆಯಡಿ ಅರ್ಹ ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವನ್ನೂ, ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವಾರ್ಷಿಕ ರೂ. 1.5 ಲಕ್ಷದ ಮಿತಿಗೊಳಪಟ್ಟು ಸಹಪಾವತಿ ಆಧಾರದಲ್ಲಿಯೂ ಒದಗಿಸಲು ನಿಗದಿಪಡಿಸಲಾಗಿದೆ.

(ಆ) ಯೋಜಿತ ಶಸ್ತ್ರಚಿಕಿತ್ಸೆಗಾಗಿ ಖಾಸಗಿ ನೋಂದಾಯಿತ ಆಸ್ಪತ್ರೆಗೆ ತೆರಳುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸತಕ್ಕದ್ದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯುವ ಅವಶ್ಯಕತೆ ಇರುವುದಿಲ್ಲ.

(ಇ) ಆಯುಷ್ಮಾನ್ ಭಾರತ್ ಯೋಜನೆಯ ಕೇಂದ್ರೀಯ ಮಾರ್ಗಸೂಚಿಗಳ ಪ್ರಕಾರ, ದಾಖಲಾಗುವ ಮುಂಚಿನ 3 ದಿನಗಳ ಮತ್ತು ಬಿಡುಗಡೆಯ ನಂತರದ 15 ದಿನಗಳ ತಪಾಸಣೆ ಹಾಗೂ ಔಷಧಿಗಳು, ಚಿಕಿತ್ಸೆಯ ಅವಧಿಯಲ್ಲಿ ಉಂಟಾಗುವ ತೊಡಕುಗಳ ಚಿಕಿತ್ಸೆಯೂ ಸೌಲಭ್ಯದಲ್ಲಿ ಒಳಗೊಂಡಿರುತ್ತವೆ. ಖರ್ಚಿನ ಭಯದಿಂದ ರಕ್ತ ಪರೀಕ್ಷೆಯನ್ನು ಕೈಬಿಡುವ ಮುನ್ನ ಆರೋಗ್ಯಮಿತ್ರರನ್ನು ಸಂಪರ್ಕಿಸುವುದು ಸೂಕ್ತ.

(ಈ) ವೈದ್ಯಕೀಯ ದಾಖಲೆಗಳಿಗಾಗಿ ರೋಗಿ ಅಥವಾ ರೋಗಿಯ ಅಧಿಕೃತ ಪ್ರತಿನಿಧಿ ಕೋರಿಕೆ ಸಲ್ಲಿಸಿದಲ್ಲಿ, ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ 72 ಗಂಟೆಗಳೊಳಗೆ ಅವುಗಳನ್ನು ಒದಗಿಸತಕ್ಕದ್ದು. ದಿನವಾರು ರಕ್ತ ಪರೀಕ್ಷೆಯ ವರದಿ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಗಳನ್ನು ಬಿಡುಗಡೆ ಪತ್ರದೊಂದಿಗೆ ಕೇಳಿ ಪಡೆಯುವುದು.

(ಉ) ಈ ಶಸ್ತ್ರಚಿಕಿತ್ಸೆಯನ್ನು ಹೆಚ್ಚು ಸಂಖ್ಯೆಯಲ್ಲಿ ನಡೆಸುವ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಕಡಿಮೆಯಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಆಸ್ಪತ್ರೆಯನ್ನು ಆಯ್ಕೆ ಮಾಡುವಾಗ, ವರ್ಷಕ್ಕೆ ಇಂತಹ ಎಷ್ಟು ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ, ರಾತ್ರಿ ವೇಳೆಯಲ್ಲಿಯೂ ಸಿ.ಟಿ. ಸ್ಕ್ಯಾನ್ ಹಾಗೂ ರಕ್ತನಾಳದ ಮೂಲಕ ರಕ್ತಸ್ರಾವ ನಿಲ್ಲಿಸುವ ಸೌಲಭ್ಯ ಲಭ್ಯವಿದೆಯೇ ಎಂಬುದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

10. ಬಿಡುಗಡೆಯ ನಂತರ ಗಮನಿಸಬೇಕಾದ ಎಚ್ಚರಿಕೆಯ ಲಕ್ಷಣಗಳು

ಈ ಕೆಳಕಂಡ ಯಾವುದೇ ಲಕ್ಷಣ ಕಂಡುಬಂದಲ್ಲಿ, ನಿಗದಿತ ಮರುಭೇಟಿಯ ದಿನಕ್ಕಾಗಿ ಕಾಯದೆ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯನ್ನು ಕೂಡಲೇ ಸಂಪರ್ಕಿಸತಕ್ಕದ್ದು:

• 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ, ನಡುಕ
• ಹೆಚ್ಚುತ್ತಿರುವ ಹೊಟ್ಟೆನೋವು, ಹೊಟ್ಟೆಯುಬ್ಬರ ಅಥವಾ ನಿಲ್ಲದ ವಾಂತಿ
• ಡ್ರೈನ್ ದ್ರವವು ಮಬ್ಬಾಗುವುದು, ದುರ್ವಾಸನೆ ಬರುವುದು ಅಥವಾ ಹಠಾತ್ತನೆ ನಿಂತುಹೋಗುವುದು
• ಡ್ರೈನಿನಲ್ಲಿ ಸ್ವಲ್ಪವಾದರೂ ಹೊಸ ರಕ್ತ, ರಕ್ತವಾಂತಿ ಅಥವಾ ಡಾಂಬರಿನಂತಹ ಕಪ್ಪು ಮಲ
• ವಿಶ್ರಾಂತಿಯಲ್ಲಿಯೂ ವೇಗವಾದ ನಾಡಿಬಡಿತ, ತಲೆಸುತ್ತು, ಗೊಂದಲದ ಮಾತು
• ಮೂತ್ರದ ಪ್ರಮಾಣ ಗಣನೀಯವಾಗಿ ಕಡಿಮೆಯಾಗುವುದು

ರಕ್ತಸ್ರಾವ ಅಥವಾ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡತಕ್ಕದ್ದು. ಶಸ್ತ್ರಚಿಕಿತ್ಸೆಯ ವಿವರ ಮತ್ತು ವರದಿಗಳಿರುವ ಕಡತವನ್ನು ಜೊತೆಯಲ್ಲಿ ಒಯ್ಯುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ 1: ಎರಡನೆಯ ದಿನ ಸಿ.ಆರ್.ಪಿ. ಬಹಳ ಹೆಚ್ಚಿದೆ. ತೊಡಕು ಉಂಟಾಗಿದೆ ಎಂದರ್ಥವೇ?
ಉತ್ತರ: ಹಾಗೆ ಹೇಳಲಾಗದು. ಶಸ್ತ್ರಚಿಕಿತ್ಸೆಯಿಂದಲೇ ಆ ದಿನ ಪ್ರಮಾಣ ಹೆಚ್ಚಿರುತ್ತದೆ. ಮೂರನೆಯ ದಿನದಿಂದ ಐದನೆಯ ದಿನದವರೆಗಿನ ಇಳಿಕೆಯನ್ನು ಗಮನಿಸಬೇಕು.

ಪ್ರಶ್ನೆ 2: ಡ್ರೈನ್ ಅಮೈಲೇಸ್ ಹೆಚ್ಚಿದ್ದಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದೇ?
ಉತ್ತರ: ಬಹುಪಾಲು ರೋಗಿಗಳಲ್ಲಿ ಬೇಕಾಗುವುದಿಲ್ಲ. ದ್ರವವು ನಳಿಕೆಯ ಮೂಲಕ ಸರಾಗವಾಗಿ ಹೊರಬರುತ್ತಿದ್ದಲ್ಲಿ ಸೋರಿಕೆಯು ಕ್ರಮೇಣ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೆಲವರನ್ನು ನಳಿಕೆಯೊಂದಿಗೇ ಮನೆಗೆ ಕಳುಹಿಸಲಾಗುತ್ತದೆ.

ಪ್ರಶ್ನೆ 3: ಪ್ರತಿದಿನ ರಕ್ತ ತೆಗೆಯುವುದರಿಂದ ರೋಗಿ ನಿಶ್ಶಕ್ತನಾಗುವುದಿಲ್ಲವೇ?
ಉತ್ತರ: ಪ್ರತಿ ಬಾರಿ ಕೆಲವೇ ಮಿ.ಲೀ. ರಕ್ತ ತೆಗೆಯಲಾಗುತ್ತದೆ. ಮೊದಲ ವಾರದಲ್ಲಿ ಇದರಿಂದ ದೊರೆಯುವ ಮಾಹಿತಿಯು ಆ ನಷ್ಟಕ್ಕಿಂತ ಹೆಚ್ಚಿನ ಮೌಲ್ಯವುಳ್ಳದ್ದು.

ಪ್ರಶ್ನೆ 4: ರೋಗಿ ನಡೆದಾಡುತ್ತಿದ್ದಾರೆ, ಊಟ ಮಾಡುತ್ತಿದ್ದಾರೆ. ಆದರೆ ಸಿ.ಆರ್.ಪಿ. ಏರುತ್ತಿರುವುದರಿಂದ ಬಿಡುಗಡೆ ಮಾಡಲಾಗದೆಂದು ವೈದ್ಯರು ತಿಳಿಸಿದ್ದಾರೆ. ಬಿಡುಗಡೆಗೆ ಒತ್ತಾಯಿಸಬಹುದೇ?
ಉತ್ತರ: ಒತ್ತಾಯಿಸದಿರುವುದು ಉಚಿತ. ರೋಗಿಗೆ ತೊಂದರೆ ಅರಿವಾಗುವುದಕ್ಕೆ ಮುಂಚೆಯೇ ರಕ್ತದಲ್ಲಿ ಸೂಚನೆ ಕಾಣಿಸಿಕೊಳ್ಳುತ್ತದೆ ಎಂಬುದೇ ಈ ಪರೀಕ್ಷೆಗಳ ಪ್ರಯೋಜನ. ಒಂದೆರಡು ದಿನಗಳ ಹೆಚ್ಚುವರಿ ನಿಗಾವಣೆಯಿಂದ, ಊರಿಗೆ ಮರಳಿದ ಮೇಲೆ ತುರ್ತಾಗಿ ದೂರದ ಆಸ್ಪತ್ರೆಗೆ ಧಾವಿಸಬೇಕಾದ ಅಪಾಯಕರ ಪರಿಸ್ಥಿತಿಯನ್ನು ತಪ್ಪಿಸಬಹುದು.

ಪ್ರಶ್ನೆ 5: ವೈದ್ಯರಲ್ಲಿ ಕುಟುಂಬದವರು ಕೇಳಬೇಕಾದ ಪ್ರಶ್ನೆಗಳು ಯಾವುವು?
ಉತ್ತರ: ಗ್ರಂಥಿಯು ಮೃದುವಾಗಿತ್ತೇ ಅಥವಾ ಗಟ್ಟಿಯಾಗಿತ್ತೇ, ಮೊದಲನೆಯ ಮತ್ತು ಮೂರನೆಯ ದಿನದ ಡ್ರೈನ್ ಅಮೈಲೇಸ್ ಎಷ್ಟು, ನಿನ್ನೆಗಿಂತ ಇಂದು ಸಿ.ಆರ್.ಪಿ. ಇಳಿದಿದೆಯೇ, ಏರಿದ್ದಲ್ಲಿ ಮುಂದಿನ ಕ್ರಮವೇನು. ಈ ನಾಲ್ಕು ಪ್ರಶ್ನೆಗಳು ಸಾಕಾಗುತ್ತವೆ.

12. ಸೂಚನೆ

ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಪರ್ಯಾಯವಾಗಿರುವುದಿಲ್ಲ. ಇಲ್ಲಿ ನಮೂದಿಸಿರುವ ಪ್ರಮಾಣಗಳ ಆಧಾರದ ಮೇಲೆ ಔಷಧಿಯನ್ನು ಸ್ವಯಂ ಆರಂಭಿಸುವುದಾಗಲಿ, ನಿಲ್ಲಿಸುವುದಾಗಲಿ ಮಾಡತಕ್ಕದ್ದಲ್ಲ. ಯೋಜನೆಯ ಷರತ್ತುಗಳು ಕಾಲಕಾಲಕ್ಕೆ ಹೊರಡಿಸಲಾಗುವ ಸರ್ಕಾರದ ಆದೇಶಗಳಿಗೆ ಒಳಪಟ್ಟಿರುತ್ತವೆ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಜಿಲ್ಲಾ ಆಸ್ಪತ್ರೆಯನ್ನು ಅಥವಾ ನೋಂದಾಯಿತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸಬಹುದಾಗಿದೆ.